ಕಲಾ ವಿದ್ಯಾರ್ಥಿಯೂ ಸಂಖ್ಯಾಶಾಸ್ತ್ರವೂ

ಬಿ.ಎ. ತರಗತಿಗೆ ಸೇರಿದೊಡನೆ ಲೆಕ್ಕದ ಕಾಟ ಜನ್ಮಕ್ಕೆ ತಪ್ಪಿತೆಂದು ಭಾವಿಸುವುದು ನಮ್ಮಲ್ಲಿ ಬಹುಕಾಲದಿಂದ ಬಂದಿರುವ ವಾಡಿಕೆ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದ ಪ್ರಶ್ನೆಪತ್ರಿಕೆಯೆದುರು ಬೆವರಿ, ಆಮೇಲೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ನೆರಳಿಗೆ ಬಂದು ದಣಿವಾರಿಸಿಕೊಂಡವರು ನಮ್ಮ ಕಾಲೇಜಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅಂಥವರಿಗೆ ಸಾಮಾಜಿಕ ಸಂಶೋಧನೆಯ ಪಾಠದಲ್ಲಿ ಸಂಖ್ಯಾಶಾಸ್ತ್ರವೆಂಬ ಅಧ್ಯಾಯ ಎದುರಾದಾಗ, ಬೀದಿಬಾಗಿಲಲ್ಲಿ ಬೀಳ್ಕೊಟ್ಟ ನೆಂಟ ಹಿತ್ತಲ ಬಾಗಿಲಿಂದ ಮತ್ತೆ ಒಳಗೆ ಬಂದಂತಾಗುತ್ತದೆ. "ನಮಗೇಕಪ್ಪಾ ಇದು? ನಾವೇನು ವಿಜ್ಞಾನದವರೇ?" ಎಂಬ ಉದ್ಗಾರ ಹಿಂದಿನ ಬೆಂಚಿನಿಂದ ಮಾತ್ರವಲ್ಲ, ಮುಂದಿನ ಬೆಂಚಿನಿಂದಲೂ ಹೊರಡುತ್ತದೆ. ಈ ಉದ್ಗಾರಕ್ಕೆ ನನಗೆ ತೋರಿದ ಉತ್ತರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸಂಖ್ಯಾಶಾಸ್ತ್ರ ಇತರರಿಗಿಂತ ನಮಗೇ ಹೆಚ್ಚು ಸಲ್ಲತಕ್ಕ ವಿದ್ಯೆ, ಆದರೆ ಅದನ್ನು ನಾವು ಕಲಿಯುತ್ತಿರುವ ಕ್ರಮ ತಲೆಕೆಳಗಾಗಿದೆ.

ಕ್ರಮ ಹೇಗಿದೆ ನೋಡಿ. ಕಪ್ಪುಹಲಗೆಯ ಮೇಲೆ ಮೊದಲು ಒಂದು ಸೂತ್ರ ಬರುತ್ತದೆ; ಅದರ ಕೆಳಗೆ ಒಂದು ಕೋಷ್ಟಕ. ವರ್ಗಾಂತರ 0-10, 10-20, 20-30. ಎದುರಿಗೆ ಆವೃತ್ತಿ 5, 8, 12. "ಈ ಕೆಳಗಿನ ದತ್ತಾಂಶಕ್ಕೆ ಸರಾಸರಿಯನ್ನು ಕಂಡುಹಿಡಿಯಿರಿ" ಎಂದು ಅಪ್ಪಣೆಯಾಗುತ್ತದೆ. ಯಾವ ಊರಿನ ಅಂಕಿಗಳಿವು? ಯಾರು ಯಾರನ್ನು ಕೇಳಿ ಬರೆದುಕೊಂಡದ್ದು? ಆ ಮೊದಲ ಸಾಲಿನ ಐದು ಮಂದಿ ಅಷ್ಟಷ್ಟು ಅಂಕ ಪಡೆದರೋ, ಆಡು ಸಾಕಿದರೋ, ಹಲ್ಲು ಕಳೆದುಕೊಂಡರೋ ಯಾರಿಗೂ ತಿಳಿಯದು. ಕೋಷ್ಟಕಕ್ಕೆ ಊರಿಲ್ಲ, ಕೇರಿಯಿಲ್ಲ, ಹೆತ್ತವರಿಲ್ಲ. ನಾವು ಕೂಡಿ, ಗುಣಿಸಿ, ಭಾಗಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದು ಅಂಕ ಪಡೆಯುತ್ತೇವೆ. ಈ ಕೂಡುವ ಭಾಗಿಸುವ ಕೆಲಸವನ್ನು ಈಗ ನಮ್ಮ ಜೇಬಿನಲ್ಲಿರುವ ಮೊಬೈಲು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮಾಡಿಕೊಡುತ್ತದೆ. ಯಂತ್ರ ಮಾಡುವುದನ್ನೇ ಮನುಷ್ಯನಿಗೆ ಕಲಿಸಿ, ಯಂತ್ರ ಮಾಡಲಾರದ್ದನ್ನು ಬಿಟ್ಟುಬಿಡುವುದು ವಿಚಿತ್ರವಲ್ಲವೇ? ಯಂತ್ರ ಮಾಡಲಾರದ್ದು ಯಾವುದೆಂದರೆ, ಅಂಕಿ ಎಲ್ಲಿಂದ ಬಂತು, ಹೇಗೆ ಬಂತು ಎಂಬ ವಿಚಾರಣೆ.

ಪಾರಿಭಾಷಿಕ ಪದಗಳ ಭಯವನ್ನೂ ಇಲ್ಲಿಯೇ ಪ್ರಸ್ತಾಪಿಸಬೇಕು. ಮಧ್ಯಾಂಕ, ಬಹುಲಕ, ಮಾನಕ ವಿಚಲನೆ, ಸಹಸಂಬಂಧ ಎಂಬ ಹೆಸರುಗಳನ್ನು ಕೇಳಿದರೆ ಯಾರಿಗಾದರೂ ಎದೆ ಧಸಕ್ಕೆನ್ನುವುದು ಸಹಜ. ಆದರೆ ಹೆಸರು ಕಠಿಣವೇ ಹೊರತು ಪದಾರ್ಥ ಕಠಿಣವಲ್ಲ. ಮಾರುಕಟ್ಟೆಯ ಯಾರ್ಡಿನಲ್ಲಿ ದಿನವೂ ಹಲಗೆಯ ಮೇಲೆ ಮೂರು ಬೆಲೆ ಕಾಣುತ್ತವೆ: ಕನಿಷ್ಠ, ಗರಿಷ್ಠ, ಮತ್ತು ಹೆಚ್ಚು ಮಾಲು ಯಾವ ಬೆಲೆಗೆ ಹೋಯಿತೋ ಆ ಬೆಲೆ. ಮೂಟೆ ಹೊತ್ತು ಹೋದ ರೈತ ಗರಿಷ್ಠ ಬೆಲೆಯನ್ನು ನೋಡಿ ಹಿಗ್ಗುವುದಿಲ್ಲ. ಅದು ಯಾರೋ ಒಬ್ಬಿಬ್ಬರಿಗೆ ಸಿಕ್ಕಿದ್ದೆಂದು ಅವನಿಗೆ ಗೊತ್ತು. "ಹೆಚ್ಚಿಗೆ ಯಾವ ರೇಟಿಗೆ ಹೋಯ್ತು?" ಎಂದೇ ಅವನು ಕೇಳುವುದು. ಅವನು ಕೇಳಿದ್ದು ಬಹುಲಕವನ್ನು. ಸೂತ್ರ ಬಾರದವನಿಗೆ ಪದಾರ್ಥ ತಿಳಿದಿದೆ; ಸೂತ್ರ ಬಂದ ನಮಗೆ ಎಷ್ಟೋ ವೇಳೆ ಪದಾರ್ಥವೇ ತಿಳಿದಿರುವುದಿಲ್ಲ.

ಮಾನಕ ವಿಚಲನೆಯ ಸಂಗತಿಯೂ ಹಾಗೆಯೇ. 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ನೂರಕ್ಕೆ 75.36. ಇದನ್ನು ಕಂಠಪಾಠ ಮಾಡಿ ಬರೆದರೆ ಒಂದು ಅಂಕ ಬರುತ್ತದೆ. ಆದರೆ ಅದೇ ಜನಗಣತಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯದು 88.57, ಯಾದಗಿರಿಯದು 51.83. ರಾಜ್ಯದ ಗಂಡಸರಲ್ಲಿ 82.47, ಹೆಂಗಸರಲ್ಲಿ 68.08. ಈ 75.36 ಎಂಬುದು ಮಂಗಳೂರಿನ ಹುಡುಗನ ಮುಖವೂ ಅಲ್ಲ, ಯಾದಗಿರಿಯ ಹುಡುಗಿಯ ಮುಖವೂ ಅಲ್ಲ. ಸರಾಸರಿಯಿಂದ ಯಾರು ಯಾರು ಎಷ್ಟೆಷ್ಟು ದೂರ ನಿಂತಿದ್ದಾರೆ ಎಂದು ಕೇಳುವ ಕುತೂಹಲಕ್ಕೇ ವಿಚಲನೆಯ ಲೆಕ್ಕವೆಂದು ಹೆಸರು. ದೂರ ನಿಂತವರ ಮನೆಯಿಂದ ಬಂದವರಿಗೆ ಈ ಕುತೂಹಲವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ಇದು ಬರಿಯ ಪರೀಕ್ಷೆಯ ಮಾತಾಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಸರಾಸರಿಯೆಂಬುದು ನಮ್ಮ ಹೊಲದೊಳಕ್ಕೇ ಕಾಲಿಟ್ಟಿದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯನ್ನೇ ತೆಗೆದುಕೊಳ್ಳಿ. ನಮ್ಮ ಊರುಗಳಲ್ಲಿ ಇದನ್ನು ಕುರಿತು ನಡೆಯುವ ಜಗಳಗಳಿಗೆ ಲೆಕ್ಕವಿಲ್ಲ. ಲೆಕ್ಕ ತಿಳಿದವರು ಮಾತ್ರ ಕಡಮೆ. ಆಲಿಕಲ್ಲು ಮಳೆ, ನೆರೆ ಮುಂತಾದ ಸ್ಥಳೀಯ ವಿಪತ್ತುಗಳಿಗೆ ಬೇರೆ ಕ್ರಮವುಂಟು. ಅದನ್ನು ಬಿಟ್ಟರೆ, ಪ್ರಮುಖ ಬೆಳೆಗಳ ವಿಷಯದಲ್ಲಿ ಪರಿಹಾರ ಗೊತ್ತಾಗುವುದು ಒಬ್ಬೊಬ್ಬರ ಹೊಲವನ್ನು ನೋಡಿ ಅಲ್ಲ, ಇಡೀ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯನ್ನು ನೋಡಿ. ಆ ಸರಾಸರಿಗಾಗಿ ಸರ್ವೆ ನಂಬರುಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ, ಅಲ್ಲಿ ಅಳತೆ ಮಾಡಿದ ಚೌಕದಲ್ಲಿ ಪೈರು ಕೊಯ್ದು, ಬಡಿದು, ತೂಗುತ್ತಾರೆ. ಇನ್ನೊಂದು ಕಡೆ, ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದು ವರ್ಷಗಳ ಇಳುವರಿಯ ಸರಾಸರಿಯನ್ನು ತೆಗೆದು, ಅದರಲ್ಲಿ ನೂರಕ್ಕೆ ಇಷ್ಟೆಂದು ಒಂದು ಗೆರೆ ಎಳೆದಿರುತ್ತಾರೆ. ಈ ವರ್ಷದ ಸರಾಸರಿ ಆ ಗೆರೆಗಿಂತ ಕೆಳಗೆ ಬಿದ್ದರೆ ಪರಿಹಾರ, ಇಲ್ಲದಿದ್ದರೆ ಇಲ್ಲ.

ಲೆಕ್ಕಕ್ಕೆಂದು ಒಂದು ಪಂಚಾಯಿತಿಯನ್ನು ಕಲ್ಪಿಸಿಕೊಳ್ಳೋಣ. ನಾಲ್ಕು ಹೊಲಗಳಲ್ಲಿ ರಾಗಿ ಕೊಯ್ದರು. ಎಕರೆಗೆ 9, 8, 7, 4 ಕ್ವಿಂಟಾಲ್ ಎಂದಾಯಿತು. ಸರಾಸರಿ 7. ಗೆರೆ 6ರಲ್ಲಿದೆ. ಯಾರಿಗೂ ಪರಿಹಾರವಿಲ್ಲ. ನಾಲ್ಕು ಕ್ವಿಂಟಾಲ್ ಬೆಳೆದವನು ಕಂತು ಕಟ್ಟಿದ್ದಾನೆ, ಸಾಲ ಮಾಡಿದ್ದಾನೆ. ಅವನ ಹೊಲದಲ್ಲೇ ಕೊಯ್ದು ತೂಗಿ "ನಿನ್ನದು ನಾಲ್ಕೇ" ಎಂದು ಬರೆದುಕೊಂಡಿದ್ದಾರೆ. ಆದರೂ ಅವನಿಗಿಲ್ಲ. ಅವನು ಹಣೆಬರಹವನ್ನು ಬಯ್ಯುತ್ತಾನೆ, ಇಲ್ಲವೇ ಅಧಿಕಾರಿಯನ್ನು ಬಯ್ಯುತ್ತಾನೆ. ವಾಸ್ತವವಾಗಿ ಅವನನ್ನು ಸೋಲಿಸಿದ್ದು ಸರಾಸರಿ. ಇದರಲ್ಲಿ ಮೋಸವಿದೆಯೆಂದು ನಾನು ಹೇಳುತ್ತಿಲ್ಲ. ಒಂದೊಂದು ಹೊಲವನ್ನೂ ಅಳೆದು ತೂಗುವುದು ಆಗದ ಕೆಲಸವೆಂಬುದು ನಿಜ. ಮಳೆ ಹೋದ ವರ್ಷ ಇಡೀ ಪಂಚಾಯಿತಿಗೆ ಒಮ್ಮೆಗೇ ಪರಿಹಾರ ಬರುವುದೂ ಇದೇ ಕ್ರಮದಿಂದ. ಆದರೆ ಆ ರೈತನ ಮಗ ಬಿ.ಎ. ಓದಿದ್ದರೆ, "ನಾಲ್ಕು ಹೊಲಗಳನ್ನು ಹೇಗೆ ಆರಿಸಿದಿರಿ? ಕೊಳವೆಬಾವಿಯ ಹೊಲ ಅದರಲ್ಲಿ ಎಷ್ಟು ಬಂದಿದೆ? ಗೆರೆಯನ್ನು ಯಾವ ವರ್ಷಗಳಿಂದ ಲೆಕ್ಕ ಹಾಕಿದಿರಿ?" ಎಂದು ಮೂರು ಪ್ರಶ್ನೆ ಕೇಳಲು ಶಕ್ತನಾಗಬೇಡವೇ? ನಮ್ಮ ಪಠ್ಯದಲ್ಲಿ ಸರಾಸರಿಯ ಸೂತ್ರ ಮೂರು ವಿಧವಾಗಿ ಇದೆ. ಈ ಮೂರು ಪ್ರಶ್ನೆಗಳಲ್ಲಿ ಒಂದೂ ಇಲ್ಲ.

ಇಂಥ ಪ್ರಶ್ನೆಗಳು ಸಣ್ಣವೆಂದು ಯಾರೂ ತಿಳಿಯಬಾರದು. ನಮ್ಮ ದೇಶದಲ್ಲಿ ಈ ಶಾಸ್ತ್ರ ಬೆಳೆದದ್ದೇ ಇವುಗಳಿಂದ. 1931ರಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಲನೋಬಿಸ್ ಭೌತಶಾಸ್ತ್ರದ ಪ್ರಾಧ್ಯಾಪಕರು. ಅವರು ಬಂಗಾಳದ ಸೆಣಬಿನ ಹೊಲಗಳಿಗೂ ಭತ್ತದ ಗದ್ದೆಗಳಿಗೂ ಇಳಿದು, ಎಲ್ಲವನ್ನೂ ಅಳೆಯದೆ ಕೆಲವನ್ನು ಅಳೆದು ಎಲ್ಲದರ ಅಂದಾಜು ಮಾಡುವ ವಿಧಾನವನ್ನು ಬೆಳೆಸಿದರು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಿಂದೆಯೂ ಅವರೇ ಇದ್ದರು. ಪೈರು ಕೊಯ್ಯಲು ಗುರುತು ಮಾಡುವ ತುಂಡು ಎಷ್ಟು ದೊಡ್ಡದಿರಬೇಕೆಂಬ ಬಗ್ಗೆ ಅವರಿಗೂ ಪಿ.ವಿ. ಸುಖಾತ್ಮೆಯವರಿಗೂ 1940ರ ದಶಕದಲ್ಲಿ ದೊಡ್ಡ ವಾದವೇ ನಡೆಯಿತು. ತುಂಡು ತೀರ ಚಿಕ್ಕದಾದರೆ ಇಳುವರಿ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆಂದು ಸುಖಾತ್ಮೆಯವರು ತೋರಿಸಿದರು. ಕಾರಣವನ್ನು ಕುಡುಗೋಲು ಹಿಡಿದವರು ಯಾರೂ ಒಪ್ಪುತ್ತಾರೆ: ಗೆರೆಯ ಮೇಲೆ ನಿಂತ ತೆನೆ ಒಳಗಿನದೋ ಹೊರಗಿನದೋ ಎಂಬ ಅನುಮಾನ ಬಂದಾಗ ಕೈ ತಾನಾಗಿ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ತುಂಡು ಚಿಕ್ಕದಾದಷ್ಟೂ ಗೆರೆಯ ಮೇಲಿನ ತೆನೆಗಳ ಪಾಲು ಹೆಚ್ಚು. ಎಷ್ಟು ದೊಡ್ಡ ಪಂಡಿತರ ವಾದ, ಎಷ್ಟು ಚಿಕ್ಕ ತೆನೆ! ಇದನ್ನು ಓದಿದ ದಿನ ನನಗೆ ಈ ಶಾಸ್ತ್ರ ನಮ್ಮ ಹಟ್ಟಿಯದೇ ಎನ್ನಿಸಿತು.

ಕೆಲವನ್ನು ನೋಡಿ ಎಲ್ಲವನ್ನೂ ಅರಿಯುವ ಮಾತು ನಮ್ಮ ಗಾದೆಯಲ್ಲಿಯೂ ಇದೆ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದಗುಳು ಸಾಕು ಎನ್ನುತ್ತೇವೆ. ಅನ್ನದ ಮಟ್ಟಿಗೆ ಅದು ನಿಜ. ಅದೂ ಒಲೆಯ ಉರಿ ಸಮವಾಗಿದ್ದು, ಸೌಟು ಆಡಿಸಿದ್ದರೆ. ಸೌದೆಯ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಬೇಯಿಸಿದವರಿಗೆ ಗೊತ್ತು, ತಳ ಸೀದಿರುತ್ತದೆ, ಮೇಲೆ ಅಕ್ಕಿ ಹಾಗೆಯೇ ಇರುತ್ತದೆ. ಸಮಾಜವೆಂಬುದು ಸೌಟು ಆಡಿಸದ ಹಂಡೆ. ಮೇಲಿನ ಅಗುಳನ್ನು ಮಾತ್ರ ಹಿಸುಕಿ ನೋಡಿ ತಳದ ಸುದ್ದಿ ಹೇಳುವವರು ಬಹಳ. ದೂರ ಹೋಗುವುದೇಕೆ? ಅಂತಿಮ ವರ್ಷದಲ್ಲಿ ನಾವು ಬರೆಯುವ ಕಿರುಸಂಶೋಧನೆಗಳನ್ನೇ ನೋಡಬಹುದು. ಶೀರ್ಷಿಕೆ "ಗ್ರಾಮೀಣ ಯುವಜನರಲ್ಲಿ ರಾಜಕೀಯ ಪ್ರಜ್ಞೆ" ಎಂದಿರುತ್ತದೆ. ಪ್ರಶ್ನಾವಳಿ ತುಂಬಿದವರು ಹಾಸ್ಟೆಲಿನ ಪಕ್ಕದ ಎರಡು ಕೋಣೆಗಳ ಗೆಳೆಯರು, ರಾತ್ರಿ ಊಟವಾದ ಮೇಲೆ, ಒಬ್ಬರ ಹಾಳೆ ಒಬ್ಬರು ನೋಡಿಕೊಂಡು. ಆ ಮೇಲೆ ಬಣ್ಣ ಬಣ್ಣದ ವೃತ್ತನಕ್ಷೆ! ಕಾಲೇಜಿಗೆ ಬಾರದೆ ಗಾರೆ ಕೆಲಸಕ್ಕೆ ಹೋದ ಯುವಕನೂ, ಪಿ.ಯು.ಸಿ.ಗೇ ಮದುವೆಯಾಗಿ ಹೋದ ಯುವತಿಯೂ ಆ ನಕ್ಷೆಯಲ್ಲಿ ಎಲ್ಲಿದ್ದಾರೆ? ಇದರಲ್ಲಿ ವಿದ್ಯಾರ್ಥಿಗಳ ಸೋಮಾರಿತನ ಸ್ವಲ್ಪ ಇದ್ದರೂ, ಮಾದರಿಯನ್ನು ಆರಿಸುವುದು ಹೇಗೆಂದು ಯಾರೂ ಕೈಹಿಡಿದು ತೋರಿಸದಿರುವುದೇ ಮುಖ್ಯ ಕಾರಣವೆಂದು ನನ್ನ ನಂಬಿಕೆ. "ಯಾದೃಚ್ಛಿಕ ಮಾದರಿ" ಎಂಬ ಪದದ ವ್ಯಾಖ್ಯೆಯನ್ನು ಮಾತ್ರ ಎಲ್ಲರೂ ಒಪ್ಪಿಸಬಲ್ಲರು.

ಯಾರನ್ನು ಕೇಳಬೇಕೆಂಬುದು ಒಂದಾದರೆ, ಏನನ್ನು ಹೇಗೆ ಕೇಳಬೇಕೆಂಬುದು ಇನ್ನೊಂದು. ಈ ಎರಡನೆಯದರಲ್ಲಿಯೇ ನನಗೆ ಹೆಚ್ಚು ಆಸಕ್ತಿ. ಒಮ್ಮೆ ಯಾವುದೋ ಸಮೀಕ್ಷೆಗೆಂದು ಮೇಷ್ಟ್ರೊಬ್ಬರು ನಮ್ಮ ಜಗಲಿಗೆ ಬಂದರು. ಬಿಸಿಲಲ್ಲಿ ಹತ್ತಾರು ಮನೆ ಸುತ್ತಿ ಬಂದವರು, ಪಾಪ, ನೀರು ಕುಡಿದು ಬರೆಯಲು ಕುಳಿತರು.

"ಯಜಮಾನ್ರೇ, ನಿಮ್ಮನೆಯೋರು ಏನ್ ಕೆಲ್ಸ ಮಾಡ್ತಾರೆ?"

"ಅವ್ಳೇನ್ ಮಾಡಾಳು ಮೇಷ್ಟ್ರೇ, ಮನೇಲವ್ಳೆ" ಎಂದರು ನಮ್ಮ ತಂದೆ.

ಮೇಷ್ಟ್ರು ಗೃಹಿಣಿ ಎಂದು ಬರೆದುಕೊಂಡರು. ಆ ಹೊತ್ತಿನಲ್ಲಿ ನಮ್ಮ ತಾಯಿ ಹೊಲದಿಂದ ಹುಲ್ಲಿನ ಹೊರೆ ತರುತ್ತಿದ್ದರು. ಎರಡು ಹಸುಗಳ ಸಗಣಿ ಬಾಚುವುದು, ಹಾಲು ಕರೆಯುವುದು, ಎರಡು ಹೊತ್ತು ಡೈರಿಗೆ ಹಾಕುವುದು, ನಾಟಿ ಕಳೆಗಳ ಕಾಲದಲ್ಲಿ ಕೂಲಿಗೆ ಹೋಗುವುದು, ಎಲ್ಲವೂ ಅವರದೇ. ನನ್ನ ಕಾಲೇಜಿನ ಶುಲ್ಕ ಬಂದದ್ದು ಹಾಲಿನ ಬಟವಾಡೆಯಿಂದ. ನಮ್ಮ ತಂದೆ ಸುಳ್ಳು ಹೇಳಲಿಲ್ಲ. ಅವರ ಮಾತಿನಲ್ಲಿ ಕೆಲಸವೆಂದರೆ ಅದಲ್ಲ, ಅಷ್ಟೇ. ಮೇಷ್ಟ್ರೂ ಸುಳ್ಳು ಬರೆಯಲಿಲ್ಲ. ಆದರೂ ಕೋಷ್ಟಕದೊಳಗೆ ಹೋದದ್ದು ಸುಳ್ಳು. 2011ರ ಜನಗಣತಿಯ ವ್ಯಾಖ್ಯೆಯಂತೆ ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಮೆ ದುಡಿದವರು ಅಲ್ಪಾವಧಿ ಕೆಲಸಗಾರರು. ವ್ಯಾಖ್ಯೆ ಎಷ್ಟೇ ಖಚಿತವಾಗಿರಲಿ, ಜಗಲಿಯ ಮೇಲಿನ ಆ ಒಂದು ಮಾತಿನಲ್ಲಿ ಅದು ತೂತಾಗುತ್ತದೆ. ಹೀಗೆ ಲಕ್ಷಾಂತರ ಜಗಲಿಗಳ ಉತ್ತರವನ್ನು ಕೂಡಿದರೆ, ಎಷ್ಟು ದಶಾಂಶಗಳವರೆಗೆ ಭಾಗಿಸಿದರೂ ತೂತು ಮುಚ್ಚುವುದಿಲ್ಲ.

ಪ್ರಶ್ನೆಯನ್ನು ಬದಲಾಯಿಸಿದರೆ ಏನಾಗುತ್ತದೆ ನೋಡಿ. 2019ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ದೇಶದಾದ್ಯಂತ ಕಾಲ ಬಳಕೆಯ ಸಮೀಕ್ಷೆ ನಡೆಸಿದರು. "ಏನು ಕೆಲಸ?" ಎಂದು ಕೇಳದೆ, ನಿನ್ನೆ ಬೆಳಗಿನ ಜಾವ ನಾಲ್ಕು ಗಂಟೆಯಿಂದ ಈ ದಿನ ನಾಲ್ಕು ಗಂಟೆಯವರೆಗೆ ಅರ್ಧ ಅರ್ಧ ಗಂಟೆಗೆ ಏನೇನು ಮಾಡಿದಿರಿ ಎಂದು ಕೇಳಿದರು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಹೆಂಗಸರು ನೂರಕ್ಕೆ 81, ಗಂಡಸರು ನೂರಕ್ಕೆ 26. ತೊಡಗಿದವರಲ್ಲೂ ಹೆಂಗಸರ ಪಾಲು ದಿನಕ್ಕೆ 299 ನಿಮಿಷ, ಗಂಡಸರದು 97. ನಾಲ್ಕು ಗಂಟೆಯಿಂದ ದಿನವನ್ನು ಆರಂಭಿಸಬೇಕೆಂದು ಯಾರಿಗೆ ಹೊಳೆಯಿತೋ, ಅವರು ಹಳ್ಳಿಯ ಮನೆಯನ್ನು ಬಲ್ಲವರೇ ಇರಬೇಕು.

ಇನ್ನು ಸಹಸಂಬಂಧ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಎಂಬ ಗಾದೆ ಬಲ್ಲವರಿಗೆ ಆ ಅಧ್ಯಾಯದಲ್ಲಿ ಅರ್ಧ ಭಾಗ ಬಂದಂತೆಯೇ. ಉಳಿದರ್ಧಕ್ಕೆ ನಮ್ಮ ಮಂಡ್ಯದ ಸೀಮೆಯಲ್ಲೇ ಒಂದು ಉತ್ತಮ ನಿದರ್ಶನವಿದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ 1956ರವರೆಗೆ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ವಾಸಮಾಡಿ ಅಧ್ಯಯನ ನಡೆಸಿದರು. 1962ರಲ್ಲಿ ಗ್ರಂಥ ಪ್ರಕಟವಾಯಿತು. ಹಳ್ಳಿಗಳಿಗೆ ಅವರಿಟ್ಟ ಕಲ್ಪಿತ ಹೆಸರುಗಳು ವಂಗಲ ಮತ್ತು ದಲೇನ. ವಂಗಲಕ್ಕೆ ನಾಲೆಯ ನೀರು ಬಂತು. ದಲೇನದ ಜಮೀನು ಎತ್ತರದಲ್ಲಿದ್ದುದರಿಂದ ಬರಲಿಲ್ಲ. ನೀರು ಬಂದ ಊರು ಮುಂದುವರಿಯಿತು, ಬಾರದ ಊರು ಹಿಂದುಳಿಯಿತು ಎಂದು ಯಾರಾದರೂ ಊಹಿಸಬಹುದು. ಮನೆಮನೆಯ ಲೆಕ್ಕ ಹಿಡಿದು ನೋಡಿದಾಗ ಕಂಡದ್ದೇ ಬೇರೆ. ನೀರು ಬಂದ ಊರಿನಲ್ಲಿ ಕಬ್ಬು ಬೆಳೆದು ಹಣವಾಯಿತು, ಆದರೆ ಒಕ್ಕಲು-ಆಳುಗಳ ಹಳೆಯ ಸಂಬಂಧಗಳು ಬಹುಮಟ್ಟಿಗೆ ಹಾಗೆಯೇ ಉಳಿದುವು. ನೀರು ಬಾರದ ಊರಿನವರು ಗಾಡಿ ಹೂಡಿದರು, ಹಿಟ್ಟಿನ ಗಿರಣಿ ಹಾಕಿದರು, ಮಂಡ್ಯದ ಕಾರ್ಖಾನೆಗೂ ಕಚೇರಿಗಳಿಗೂ ಕೆಲಸಕ್ಕೆ ಹೋದರು. ಊರಿನೊಳಗಿನ ಹಳೆಯ ಕಟ್ಟು ಹೆಚ್ಚು ಸಡಿಲವಾದದ್ದು ಅಲ್ಲಿ. ನೀರಿನ ಅಂಕಿಯೊಂದನ್ನೇ ಹಿಡಿದು ಕುಳಿತಿದ್ದರೆ ಇದು ತಿಳಿಯುತ್ತಿರಲಿಲ್ಲ. ಕಥೆಗಳನ್ನು ಮಾತ್ರ ಕೇಳಿ ಬಂದಿದ್ದರೂ ತಿಳಿಯುತ್ತಿರಲಿಲ್ಲ. ನಮ್ಮ ಊರಿನ ಪಕ್ಕದ ಸಂಗತಿಯಿದು; ನಮ್ಮ ತರಗತಿಯಲ್ಲಿ ಇದನ್ನು ಬಲ್ಲವರನ್ನು ಬೆರಳಲ್ಲಿ ಎಣಿಸಬಹುದು.

ಮನುಷ್ಯನ ಬದುಕನ್ನು ಅಂಕಿಗಳಲ್ಲಿ ಹಿಡಿಯಲಾಗದು, ಎಂ.ಎನ್. ಶ್ರೀನಿವಾಸರ ಗ್ರಂಥವನ್ನು ನೋಡು ಎಂದು ನನ್ನ ಗೆಳೆಯರೊಬ್ಬರು ವಾದಿಸುತ್ತಾರೆ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಶ್ರೀನಿವಾಸರು ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದುವು. 1948ರಲ್ಲಿ ತಾವು ವಾಸಿಸಿದ್ದ ರಾಮಪುರವನ್ನು ಅವರು ಮುಖ್ಯವಾಗಿ ನೆನಪಿನಿಂದಲೇ ಬರೆದರು. 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಹೊರಬಂತು. ಆ ಗ್ರಂಥದ ಹಿರಿಮೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ಪರಿಹಾರದ ಗೆರೆಯನ್ನು ಎಳೆಯುವವರು ನೆನಪಿನಿಂದ ಎಳೆಯುವುದಿಲ್ಲ. ಅಂಕಿಯಲ್ಲಿ ಬಂದ ಅನ್ಯಾಯಕ್ಕೆ ಅಂಕಿಯಲ್ಲೇ ಉತ್ತರ ಕೊಡಬೇಕಾಗುತ್ತದೆ. ನಮ್ಮ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವೇ ಮೊದಲಿಗರು. ಇದುವರೆಗೆ ನಾವು ಎಣಿಸಿಕೊಂಡವರು, ಎಣಿಸಿದವರಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೊದಲ ತಿಂಗಳು ಸೂತ್ರವೇ ಬೇಡ. ಒಬ್ಬೊಬ್ಬ ವಿದ್ಯಾರ್ಥಿಯೂ ತನ್ನ ಬೀದಿಯ ಇಪ್ಪತ್ತು ಮನೆಗಳನ್ನು ಎಣಿಸಿ ಬರಲಿ. ಒಂದೇ ಮನೆಗೆ ಇಬ್ಬರನ್ನು ಬೇರೆ ಬೇರೆಯಾಗಿ ಕಳುಹಿಸಿ, ಇಬ್ಬರ ಹಾಳೆಗಳನ್ನೂ ತರಗತಿಯಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡೋಣ. ಎಷ್ಟು ಉತ್ತರ ಕೂಡಿಬಂದುವು, ಎಷ್ಟು ಬೇರೆಯಾದುವು, ಏಕೆ? ಸೂತ್ರ ಆಮೇಲೆ ಬರಲಿ. ಆಗ ಅದಕ್ಕೆ ಊರೂ ಕೇರಿಯೂ ಇರುತ್ತವೆ. 2011ರ ಜನಗಣತಿಯ ಹಳ್ಳಿಹಳ್ಳಿಯ ಅಂಕಿಗಳು ಯಾರು ಬೇಕಾದರೂ ನೋಡುವಂತೆ ಪ್ರಕಟವಾಗಿವೆ, ನಮ್ಮ ಎಣಿಕೆಯನ್ನು ಅದರೊಡನೆ ಹೋಲಿಸಬಹುದು. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲವಾದ್ದರಿಂದ ಇಂಥ ಹೋಲಿಕೆಗೆ ಬೆಲೆಯೂ ಉಂಟು. ಪರೀಕ್ಷೆಯಲ್ಲಿಯೂ ಒಂದು ಪ್ರಶ್ನೆ ಬದಲಾಗಲಿ: ಪ್ರಕಟವಾದ ಒಂದು ಕೋಷ್ಟಕವನ್ನು ಕೊಟ್ಟು, ಅದನ್ನು ತಯಾರಿಸಿದವರಿಗೆ ನೀವು ಕೇಳಬೇಕಾದ ಐದು ಪ್ರಶ್ನೆಗಳನ್ನು ಬರೆಯಿರಿ ಎನ್ನಲಿ. ಇದಕ್ಕೆ ಸರ್ಕಾರದ ಹಣ ಬೇಡ, ಹೊಸ ಕಟ್ಟಡ ಬೇಡ. ಹತ್ತು ಅಂಕಗಳ ಜಾಗ ಬೇಕು, ಅಷ್ಟೇ.

ಅದು ಆಗುವವರೆಗೆ ಕಾದು ಕುಳಿತಿರುವುದೇಕೆಂದು ನಾವು ನಾಲ್ಕು ಮಂದಿ ಸಹಪಾಠಿಗಳು ಒಂದು ಪ್ರಶ್ನಾವಳಿಯನ್ನು ಸಿದ್ಧಮಾಡಿದ್ದೇವೆ. ಬರುವ ರಜೆಯಲ್ಲಿ ನಮ್ಮ ನಮ್ಮ ಊರುಗಳಲ್ಲಿ, ಮನೆಗಳ ಪಟ್ಟಿ ಮಾಡಿ ಚೀಟಿ ಎತ್ತಿ ಆರಿಸಿದ ಇಪ್ಪತ್ತೈದು ಮನೆಗಳಿಗೆ ಹೋಗುವುದೆಂದು ಗೊತ್ತಾಗಿದೆ. ಮನೆಯ ಹೆಂಗಸರ ಕೆಲಸವನ್ನು ಕುರಿತ ಪ್ರಶ್ನೆಯನ್ನು ಅವರನ್ನೇ ಕೇಳತಕ್ಕದ್ದು, ಡೈರಿಗೆ ಹಾಲು ಹಾಕಿ ಬಂದ ಮೇಲೆ, ಗಂಡಸರು ಜಗಲಿಯಲ್ಲಿ ಇಲ್ಲದ ಹೊತ್ತಿನಲ್ಲಿ ಎಂದು ಹಾಳೆಯ ಮೇಲ್ಗಡೆಯೇ ಬರೆದುಕೊಂಡಿದ್ದೇವೆ.